ಊಟ ಮಾಡ್ತಾರಂತೆ, ಊಟ ಮಾಡಬೇಕಂತೆ

ಆಸ್ಪತ್ರೆಯಿಂದ ಮರಳಿದವರನ್ನು ‘ಡಾಕ್ಟರು ಏನಂದರು?’ ಎಂದು ಕೇಳುತ್ತೀರಿ. ಸ್ಪ್ಯಾನಿಷ್‌ನಲ್ಲಿ ‘ದೀಸೆ ಕೆ ಕೋಮೆ ಬಿಯೆನ್’ ಎಂಬ ಉತ್ತರ ಬಂದರೆ ರೋಗಿ ಚೆನ್ನಾಗಿ ಊಟ ಮಾಡ್ತಾರಂತೆ ಎಂದರ್ಥ. ‘ದೀಸೆ ಕೆ ಕೋಮಾ ಬಿಯೆನ್’ ಎಂದು ಬಂದರೆ ಚೆನ್ನಾಗಿ ಊಟ ಮಾಡಬೇಕಂತೆ. ಬದಲಾದದ್ದು ಒಂದೇ ಸ್ವರ. ಆದರೆ ಮೊದಲನೆಯದು ಸಮಾಧಾನದ ಸುದ್ದಿ, ಎರಡನೆಯದು ವೈದ್ಯರ ಅಪ್ಪಣೆ. ಆ ‘ಕೋಮಾ’ ಎಂಬ ರೂಪವೇ ಸ್ಪ್ಯಾನಿಷ್ ಕಲಿಯುವವರನ್ನು ಬೆದರಿಸುವ ಸಬ್‌ಜಂಕ್ಟಿವ್. ಇಂಗ್ಲಿಷ್‌ನಲ್ಲಿ ಬರೆದ ಪಠ್ಯಪುಸ್ತಕಗಳು ಇದನ್ನು ಪಟ್ಟಿ ಮಾಡಿ ಕಲಿಸುತ್ತವೆ: ಆಸೆ, ಭಾವನೆ, ಸಲಹೆ, ಸಂದೇಹ ಹೀಗೆ ಒಂದಷ್ಟು ತಲೆಬರಹ, ಒಂದೊಂದರ ಕೆಳಗೂ ಬಾಯಿಪಾಠ ಮಾಡಬೇಕಾದ ಕ್ರಿಯಾಪದಗಳು. ಈ ಪಟ್ಟಿಗಳು ಸುಳ್ಳಲ್ಲ, ಆದರೆ ಅವು ವಿಷಯದ ಬೇರಿಗೆ ಇಳಿಯುವುದಿಲ್ಲ. ಆ ರೂಪಗಳು ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದರೆ ಪಟ್ಟಿಯ ಹಿಂದಿರುವ ಒಂದೇ ಕೆಲಸ ಕಣ್ಣಿಗೆ ಬೀಳುತ್ತದೆ. ‘ಇದು ಹೀಗಿದೆ’ ಎಂದು ಸಾರುವ ಹೊಣೆ ಹೊರದೆ ಒಂದು ಸಂಗತಿಯನ್ನು ಮಾತಿನೊಳಗೆ ತರುವುದು, ಅದೇ ಆ ಕೆಲಸ.

ಸ್ವರ ಬದಲಿಸುವ ಈ ಉಪಾಯ ಲ್ಯಾಟಿನ್ನಿನ ಆಸ್ತಿ. ‘ಪ್ರೀತಿಸುತ್ತಾನೆ’ ಎನ್ನಲು ಲ್ಯಾಟಿನ್ನಿನಲ್ಲಿ ‘ಅಮಾತ್’, ‘ಪ್ರೀತಿಸಲಿ’ ಎನ್ನಲು ‘ಅಮೆತ್’. ಕೊನೆಯ ವ್ಯಂಜನ ಸವೆದು ಸ್ಪ್ಯಾನಿಷ್‌ನಲ್ಲಿ ‘ಆಮಾ’, ‘ಆಮೆ’ ಉಳಿದವು. ‘ಆ’ ಇರುವ ಗುಂಪಿಗೆ ‘ಎ’, ‘ಎ’ ಇರುವ ಗುಂಪಿಗೆ ‘ಆ’ ಎಂಬ ಅದಲುಬದಲಿಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕ ವಯಸ್ಸಾಗಿದೆ. ಸಂಸ್ಕೃತ ಬಲ್ಲವರು ಇಲ್ಲಿ ವೇದದ ‘ಲೇಟ್’ ಲಕಾರವನ್ನು ನೆನೆಯಬಹುದು. ಪಾಣಿನಿಯ ಹೊತ್ತಿಗೇ ಅದು ಛಂದಸ್ಸಿನ, ಅಂದರೆ ವೇದದ, ಭಾಷೆಗೆ ಮೀಸಲಾಗಿ, ಮುಂದಿನ ಸಂಸ್ಕೃತದಲ್ಲಿ ಮರೆಯಾಯಿತು. ದೂರದ ಲ್ಯಾಟಿನ್ ಬಳಗದಲ್ಲಿ ಮಾತ್ರ ಅಂಥದೇ ಕೆಲಸ ಮಾಡುವ ರೂಪ ಇನ್ನೂ ದಿನಬಳಕೆಯಲ್ಲಿದೆ. 1492ರಲ್ಲಿ ಆಂತೋನಿಯೊ ದೆ ನೆಬ್ರಿಹಾ ಕ್ಯಾಸ್ಟೀಲಿಯನ್ ಭಾಷೆಗೆ ವ್ಯಾಕರಣ ಬರೆದು ರಾಣಿ ಇಸಾಬೆಲ್‌ಗೆ ಅರ್ಪಿಸಿದಾಗ, ಒಂದು ಕ್ರಿಯೆಯನ್ನು ಇನ್ನೊಂದಕ್ಕೆ ಜೋಡಿಸುವ ರೂಪ ಎಂದು ಸಬ್‌ಜಂಕ್ಟಿವನ್ನು ವಿವರಿಸಿದ. ಆ ಪುಸ್ತಕದ ಐದನೆಯ ಭಾಗ ಪರಭಾಷಿಕ ಕಲಿಗರಿಗೆಂದೇ ಬರೆದದ್ದು.

ಎಲ್ಲ ರೂಪಗಳೂ ಹೀಗೆ ನೇರ ದಾರಿಯಲ್ಲಿ ಬರಲಿಲ್ಲ. ‘ನನ್ನ ಬಳಿ ದುಡ್ಡಿದ್ದಿದ್ದರೆ’ ಎಂಬಂಥ ಮಾತಿಗೆ ಸ್ಪ್ಯಾನಿಷ್‌ನಲ್ಲಿ ಎರಡು ರೂಪಗಳಿವೆ, ‘ಆಮಾಸೆ’ಯಂಥ ‘ಸೆ’ ರೂಪ ಮತ್ತು ‘ಅಮಾರಾ’ದಂಥ ‘ರಾ’ ರೂಪ. ‘ಸೆ’ ಲ್ಯಾಟಿನ್ನಿನ ಸಬ್‌ಜಂಕ್ಟಿವ್‌ನಿಂದಲೇ ಹುಟ್ಟಿದ್ದು. ‘ರಾ’ದ ಕಥೆ ಬೇರೆ. ಲ್ಯಾಟಿನ್ನಿನಲ್ಲಿ ಅದು ‘ಪ್ರೀತಿಸಿದ್ದನು’ ಎಂದು ಖಚಿತವಾಗಿ ಹೇಳುವ ರೂಪವಾಗಿತ್ತು. ಹಳೆಯ ಸ್ಪ್ಯಾನಿಷ್ ಕಾವ್ಯವಾದ ‘ಸಿದ್’ನಲ್ಲೂ ಅದರ ಮುಖ್ಯ ಕೆಲಸ ಅದೇ. ನಡೆದುಹೋದದ್ದನ್ನು ಹೇಳುತ್ತಿದ್ದ ರೂಪ ನಡೆಯದೇ ಹೋದದ್ದನ್ನು ಹೇಳಲು ಬಂದದ್ದು ಹೇಗೆ? ಉತ್ತರಕ್ಕೆ ಕನ್ನಡಿಗರು ದೂರ ಹೋಗಬೇಕಿಲ್ಲ. ‘ದಿನವೂ ಕೊಡುತ್ತಿದ್ದೆ’ ಎಂದರೆ ಕೊಟ್ಟದ್ದು ನಿಜ. ‘ಕೇಳಿದ್ದರೆ ಕೊಡುತ್ತಿದ್ದೆ’ ಎಂದರೆ ಕೊಡಲಿಲ್ಲ. ರೂಪ ಅದೇ, ಆದರೆ ಮುಂದೆ ‘ಕೇಳಿದ್ದರೆ’ ಬಂದು ಕೂತದ್ದರಿಂದ ಅದರ ನೆಲೆ ಬೇರೆಯಾಯಿತು. ಸ್ಪ್ಯಾನಿಷ್‌ನಲ್ಲೂ ಆದದ್ದು ಇಂಥದೇ. ‘ರಾ’ ಮೊದಲು ಷರತ್ತಿನ ವಾಕ್ಯದ ಫಲವನ್ನು ಹೇಳುವ ಭಾಗದಲ್ಲಿ ನೆಲೆಯೂರಿತು, ಅಲ್ಲಿಂದ ‘ಆದರೆ’ ಎನ್ನುವ ಭಾಗಕ್ಕೆ ದಾಟಿತು, ಕಾಲಕ್ರಮದಲ್ಲಿ ‘ಸೆ’ಯ ಜಾಗಗಳನ್ನೂ ತುಂಬತೊಡಗಿತು. ಇಂದು ಲ್ಯಾಟಿನ್ ಅಮೆರಿಕದ ಮಾತಿನಲ್ಲಿ ‘ಸೆ’ ಕೇಳಿಬರುವುದೇ ಅಪರೂಪ. ಆದರೂ ‘ರಾ’ದ ಹಳೆಯ ಕಸುಬು ಪೂರ್ತಿ ನಿಂತಿಲ್ಲ. ‘ಅಧ್ಯಕ್ಷರಾಗಿದ್ದವರು’ ಎನ್ನಲು ಪತ್ರಿಕೆಗಳು ಇಂದಿಗೂ ‘ಫುಎರಾ’ ಎಂದು ಬರೆಯುವುದುಂಟು, ಗಂಭೀರ ವ್ಯಾಕರಣಕಾರರು ಅದಕ್ಕೆ ಹುಬ್ಬುಗಂಟಿಕ್ಕುವುದೂ ಉಂಟು. ಆ ಬಳಕೆ ನಿಂತಿರುವ ಜಾಗವೇ ನನ್ನ ವಾದಕ್ಕೆ ಒತ್ತಾಸೆ. ಅದು ಬರುವುದು ಮುಖ್ಯವಾಗಿ ಉಪವಾಕ್ಯದಲ್ಲಿ, ಓದುಗರಿಗೆ ಮೊದಲೇ ತಿಳಿದದ್ದನ್ನು ಬದಿಯಲ್ಲಿ ನೆನಪಿಸುವಾಗ. ಸಂಗತಿ ನಿಜ, ಆದರೆ ವಾಕ್ಯ ಸಾರಲು ಹೊರಟದ್ದು ಅದನ್ನಲ್ಲ.

ಮೂರನೆಯದಾದ ‘ರೆ’ ರೂಪ ಭವಿಷ್ಯದ ಸಂಭವಕ್ಕೆ ಮೀಸಲಾಗಿತ್ತು. ಮಾತಿನಿಂದ ಅದು ಮರೆಯಾಗಿ ಕಾನೂನಿನಲ್ಲೂ ಕೆಲವು ಗಾದೆಗಳಲ್ಲೂ ಉಳಿದಿದೆ. ಸ್ಪೇನ್‌ನ 1995ರ ದಂಡಸಂಹಿತೆಯ 138ನೇ ವಿಧಿ ಕೊಲೆಗೆ ಶಿಕ್ಷೆ ಹೇಳುವಾಗ ‘ಕೊಲ್ಲು’ ಎಂಬ ಕ್ರಿಯೆಯನ್ನು ‘ಮಾತಾರೆ’ ಎಂದು ಬರೆಯುತ್ತದೆ. ಯಾರೋ ಕೊಂದಿದ್ದಾರೆಂದು ಕಾನೂನು ಹೇಳುತ್ತಿಲ್ಲ, ಕೊಂದವನಿದ್ದರೆ ಅವನಿಗೆ ಏನೆಂದು ಮಾತ್ರ ಹೇಳುತ್ತಿದೆ. ಇನ್ನು ‘ಓಹಲಾ’ ಎಂಬ ಹಾರೈಕೆಯ ಪದ ಬಂದದ್ದು ಅರಬ್ಬಿಯಿಂದ, ‘ದೇವರ ಚಿತ್ತವಿದ್ದರೆ’ ಎಂಬ ಮಾತಿನಿಂದ. ಅರಬ್ಬಿ ಪದದ ಬೆನ್ನಿಗೆ ಲ್ಯಾಟಿನ್ ಕ್ರಿಯಾರೂಪ ಬರುತ್ತದೆ. ಸ್ಪೇನ್‌ನಲ್ಲಿ ಎರಡು ಭಾಷೆಗಳು ಶತಮಾನಗಟ್ಟಲೆ ಕೂಡಿ ಬಾಳಿದ್ದಕ್ಕೆ ಇಷ್ಟು ಚಿಕ್ಕ, ಇಷ್ಟು ಚೆಂದದ ಗುರುತು ಬೇರೊಂದನ್ನು ನಾನು ಕಾಣೆ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪ ಏಳುತ್ತದೆ. ‘ನೀನು ಬಂದದ್ದು ಸಂತೋಷ’ ಎನ್ನುವಾಗಲೂ ಸ್ಪ್ಯಾನಿಷ್‌ನಲ್ಲಿ ಬರವಿನ ಕ್ರಿಯೆ ಸಬ್‌ಜಂಕ್ಟಿವ್‌ನಲ್ಲಿರುತ್ತದೆ. ಬಂದವನು ಕಣ್ಣೆದುರಿಗೇ ನಿಂತಿದ್ದಾನೆ, ಇದರಲ್ಲಿ ಸಂದೇಹವೆಲ್ಲಿ, ಆಸೆಯೆಲ್ಲಿ? ಪಟ್ಟಿಗಳು ಇದಕ್ಕೆ ‘ಭಾವನೆ’ ಎಂಬ ಇನ್ನೊಂದು ತಲೆಬರಹ ಹಾಕಿ ಮುಂದೆ ಸಾಗುತ್ತವೆ. ಉತ್ತರದ ಬೀಜ 1847ರಲ್ಲೇ ಬಿದ್ದಿತ್ತು. ಕಾರಾಕಾಸ್‌ನಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೆಸ್ ಬೆಯೊ ತನ್ನ ವ್ಯಾಕರಣದಲ್ಲಿ, ನಿಷೇಧವಿಲ್ಲದ ‘ತಿಳಿ’, ‘ದೃಢಪಡಿಸು’ ಎಂಬ ಕ್ರಿಯೆಗಳ ಜೊತೆ ನಿಲ್ಲಬಲ್ಲವೇ ಇಂಡಿಕೇಟಿವ್, ಅಂದರೆ ಸಾದಾ ಹೇಳಿಕೆಯ, ರೂಪಗಳು ಎಂದು ಗೆರೆ ಎಳೆದ. ಗೆರೆ ಬಿದ್ದದ್ದು ನಿಜ ಸುಳ್ಳುಗಳ ನಡುವೆ ಅಲ್ಲ, ಸಾರುವುದು ಸಾರದಿರುವುದರ ನಡುವೆ. 1974ರಲ್ಲಿ ಟ್ರೇಸಿ ಟೆರೆಲ್ ಮತ್ತು ಜೋನ್ ಹೂಪರ್ ಇದನ್ನೇ ವಿಸ್ತರಿಸಿದರು: ಸಂತೋಷದ ವಾಕ್ಯದಲ್ಲಿ ಬಂದದ್ದನ್ನು ಯಾರೂ ಸುದ್ದಿಯಾಗಿ ಹೇಳುತ್ತಿಲ್ಲ, ಅದು ಇಬ್ಬರಿಗೂ ಗೊತ್ತು, ಸುದ್ದಿ ಇರುವುದು ಸಂತೋಷದಲ್ಲಿ. ಕನ್ನಡದ ‘ಅವನು ನಿನ್ನ ತಮ್ಮನೇ ಆಗಿರಲಿ, ತಪ್ಪು ತಪ್ಪೇ’ ಎಂಬ ಮಾತನ್ನು ನೋಡಿ. ಅವನು ತಮ್ಮನೆಂಬುದು ಇಬ್ಬರಿಗೂ ಗೊತ್ತಿರುವ ನಿಜ. ಆದರೂ ‘ಆಗಿದ್ದಾನೆ’ ಎನ್ನದೆ, ಹಾರೈಕೆಗೆ ಬಳಸುವ ‘ಲಿ’ಯನ್ನೇ ಹಚ್ಚಿ ಆ ನಿಜವನ್ನು ಬದಿಗಿಡುತ್ತೇವೆ. ಇದೇ ಮಾತಿಗೆ ಸ್ಪ್ಯಾನಿಷ್‌ನಲ್ಲಿ ‘ಔಂಕೆ ಸೇಆ’, ಅಲ್ಲಿಯೂ ಸಬ್‌ಜಂಕ್ಟಿವ್. ‘ಏನೇ ಆಗಲಿ’ ಎಂಬುದಕ್ಕೆ ‘ಪಾಸೆ ಲೊ ಕೆ ಪಾಸೆ’, ‘ಹಾಗೇ ಆಗಲಿ’ ಎಂಬುದಕ್ಕೆ ‘ಅಸೀ ಸೇಆ’. ನೆಂಟಸ್ತಿಕೆಯಿಲ್ಲದ ಎರಡು ಭಾಷೆಗಳು ಒಂದೇ ಹಂಚಿಕೆಗೆ ಬಂದು ನಿಂತಿರುವುದು ಬರೀ ಕಾಕತಾಳೀಯ ಎನ್ನಲು ನನಗೆ ಮನಸ್ಸು ಬಾರದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ‘ಮಳೆ ಬಂದರೆ’ ಎಂಬುದನ್ನೂ ಯಾರೂ ಸಾರುತ್ತಿಲ್ಲ. ಆದರೂ ಸ್ಪ್ಯಾನಿಷ್‌ನಲ್ಲಿ ‘ಸಿ’ ಎಂಬ ‘ಆದರೆ’ಯ ಮುಂದೆ ವರ್ತಮಾನದ ಸಬ್‌ಜಂಕ್ಟಿವ್ ಬರುವಂತಿಲ್ಲ, ಸಾದಾ ವರ್ತಮಾನವೇ ಬರಬೇಕು. ನನ್ನ ವಾದ ಇದನ್ನು ಬಿಡಿಸಲಾರದು, ಚರಿತ್ರೆ ಬಿಡಿಸುತ್ತದೆ. ಮುಂದೆ ಆಗಬಹುದಾದ ಷರತ್ತಿಗೆ ಹಳೆಯ ಸ್ಪ್ಯಾನಿಷ್‌ನಲ್ಲಿ ಆ ‘ರೆ’ ರೂಪವಿತ್ತು. ಅದು ಹಿಂದೆ ಸರಿದಾಗ ತೆರವಾದ ಜಾಗವನ್ನು, ಲ್ಯಾಟಿನ್ ಕಾಲದಿಂದ ‘ಸಿ’ಯ ಪಕ್ಕದಲ್ಲೇ ಇದ್ದ ಸಾದಾ ವರ್ತಮಾನ ಹಿಡಿಯಿತು. ಭಾಷೆಯಲ್ಲಿ ತರ್ಕದ ಜೊತೆಗೆ ಹಳೆಯ ವಾಸ್ತವ್ಯದ ಹಕ್ಕೂ ನಡೆಯುತ್ತದೆ, ಅದನ್ನು ಒಪ್ಪಿಕೊಂಡು ಕಲಿಯಬೇಕು.

ಹಾಗಾದರೆ ಕಲಿಕೆ ತೊಡಕುವುದು ಎಲ್ಲಿ? ಜೋಸೆಫ್ ಕಾಲೆಂಟೈನ್ 1995ರ ಅಧ್ಯಯನದಲ್ಲಿ ತೋರಿಸಿದಂತೆ, ಅಮೆರಿಕದ ಮಧ್ಯಮ ಹಂತದ ವಿದ್ಯಾರ್ಥಿಗಳು ಎಡವುವುದಕ್ಕೆ ಒಂದು ದೊಡ್ಡ ಕಾರಣ ವಾಕ್ಯದೊಳಗೆ ವಾಕ್ಯ ಹೆಣೆಯುವ ಹದ ಇನ್ನೂ ಬಂದಿಲ್ಲದಿರುವುದು. ಉಪವಾಕ್ಯವನ್ನೇ ಕಟ್ಟಲಾಗದ ಬಾಯಿಗೆ ಅದರೊಳಗಿನ ಸ್ವರ ತಿದ್ದಿ ಫಲವಿಲ್ಲ. ಮನೆಮಾತಾಗಿ ಸ್ಪ್ಯಾನಿಷ್ ಕಲಿಯುವ ಮಕ್ಕಳೂ ‘ಅಳಬೇಡ’, ‘ನೀನು ಬರಬೇಕು’ ಎಂಬಂಥ ಅಪ್ಪಣೆ ಬೇಡಿಕೆಗಳಲ್ಲಿ ಇದನ್ನು ಮೊದಲು ಹಿಡಿಯುತ್ತಾರೆ. ‘ಬರುತ್ತಾನೆಂದು ನನಗನಿಸದು’ ಎಂಬಂಥವು ಬಲುತಡವಾಗಿ ಒದಗುತ್ತವೆ. ಹಾಗಾಗಿ ಪಟ್ಟಿಯ ಬದಲು ‘ಕೋಮೆ’, ‘ಕೋಮಾ’ಗಳಂಥ ಜೋಡಿಗಳಿಂದ ಆರಂಭಿಸುವುದೇ ಸರಿಯೆನಿಸುತ್ತದೆ. ಕನ್ನಡಿಗರಿಗೆ ಹಾದಿ ಅರ್ಧ ಸವೆದೇ ಇದೆ, ಆದರೆ ಪೂರ್ತಿ ಅಲ್ಲ. ‘ಕನ್ನಡ ಮಾತಾಡುವ ಡಾಕ್ಟರನ್ನು ಹುಡುಕುತ್ತಿದ್ದೇನೆ’ ಎಂಬ ನಮ್ಮ ವಾಕ್ಯ ಎರಡಕ್ಕೂ ಸಲ್ಲುತ್ತದೆ: ಪರಿಚಯದ ಆ ಒಬ್ಬ ಡಾಕ್ಟರಿಗೂ, ಸಿಕ್ಕರೆ ಸಾಕೆನ್ನುವ ಯಾರಾದರೊಬ್ಬರಿಗೂ. ಸ್ಪ್ಯಾನಿಷ್ ಇಲ್ಲಿ ಬಿಡಿಸಿ ಕೇಳುತ್ತದೆ. ಮೊದಲನೆಯವರು ‘ಕೆ ಆಬ್ಲಾ ಕನ್ನಡ’, ಅವರು ಇದ್ದಾರೆ, ಇವತ್ತು ಎಲ್ಲಿದ್ದಾರೋ ತಿಳಿಯದು. ಎರಡನೆಯವರು ‘ಕೆ ಆಬ್ಲೆ ಕನ್ನಡ’, ಅಂಥವರು ಈ ಊರಿನಲ್ಲಿ ಇದ್ದಾರೋ ಇಲ್ಲವೋ.