ಪುರಸಭೆ ಹದ್ದಿನಲ್ಲಿ ಎಮ್ಮೆ, ಆಡು, ನಾಯಿ

ಅಫಜಲಪುರ, ಆಳಂದ, ಜೇವರ್ಗಿ ಮೂರೂ ಈಗ ಪುರಸಭೆಗಳು. ಆದರೂ ಇಲ್ಲಿನ ಬದುಕಿನಲ್ಲಿ ಅರ್ಧಪಾಲು ಇನ್ನೂ ಒಕ್ಕಲುತನದ್ದೇ. ಹಳೆಯ ಓಣಿಗಳ ಮನೆಯಲ್ಲಿ ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಗೋದಲಿ. ಅದರಾಚೆ ಒಂದು ಮೆಟ್ಟಿಲೆತ್ತರಕ್ಕೆ ಪಡಸಾಲೆ. ಇಂಥ ಮನೆಯಲ್ಲಿ ಎರಡು ಎಮ್ಮೆ, ನಾಲ್ಕು ಆಡು, ಹತ್ತು ಕೋಳಿ ಇದ್ದರೆ ಸಾಮಾನ್ಯವಾಗಿ ಯಾರೂ ಪರವಾನಗಿ ಕೇಳುವುದಿಲ್ಲ. ಎರಡು ಎಮ್ಮೆ ಎಂಟಾದಾಗ, ವರ್ತನೆ ಹಾಲು ಹಾಕಲು ಶುರುಮಾಡಿದಾಗ, ಇಲ್ಲವೇ ಪಕ್ಕದ ಮನೆಯವರು ತಕರಾರು ಅರ್ಜಿ ಕೊಟ್ಟಾಗ ಪ್ರಶ್ನೆ ಏಳುತ್ತದೆ.

ಈ ಊರುಗಳಿಗೆ ಅನ್ವಯಿಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಅದರ ಕಣ್ಣು ದನಗಳ ಲೆಕ್ಕಕ್ಕಿಂತ ಉಪದ್ರವದ ಮೇಲೆ: ಚರಂಡಿ ಸೇರುವ ಸಗಣಿ, ಗಂಜಲ, ದುರ್ನಾತ, ಸೊಳ್ಳೆ. ಉಪವಿಧಿ ರಚಿಸುವ ಅಧಿಕಾರ ಪುರಸಭೆಗಿದೆ. ಕರಡು ಪ್ರಕಟಿಸಿ, ಆಕ್ಷೇಪಣೆ ಕೇಳಿ, ಸರ್ಕಾರದ ಮಂಜೂರಾತಿ ಪಡೆಯಬೇಕು. ಇಷ್ಟು ಜಾಗಕ್ಕೆ ಇಷ್ಟೇ ದನ ಎಂಬ ಸ್ಪಷ್ಟ ಉಪವಿಧಿ ಇದ್ದರೆ ಸಾಕುವವರಿಗೂ ನೆರೆಯವರಿಗೂ ಜಗಳ ತಪ್ಪುತ್ತದೆ. ಅದಿಲ್ಲದ ಕಡೆ ನೆರೆಯವರ ತಾಳ್ಮೆಯೇ ಕಾನೂನು.

ಹಾಲಿನ ವ್ಯಾಪಾರಕ್ಕೆಂದೇ ದನ ಕಟ್ಟುವವರು ಉದ್ದಿಮೆ ಪರವಾನಗಿಗಾಗಿ ಮುಖ್ಯಾಧಿಕಾರಿಗೆ ಅರ್ಜಿ ಹಾಕಬೇಕಾಗುತ್ತದೆ. ಸ್ಥಳ ನೋಡಲು ಬರುವ ಆರೋಗ್ಯ ನಿರೀಕ್ಷಕರಿಗೆ ಎಮ್ಮೆಗಿಂತ ತಿಪ್ಪೆಯ ಚಿಂತೆಯೇ ಹೆಚ್ಚು, ಅದು ಸರಿಯೂ ಹೌದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಂತೆ ದೊಡ್ಡ ದನವೊಂದು ದಿನಕ್ಕೆ 15ರಿಂದ 20 ಕಿಲೋ ಸಗಣಿ, ಹೆಚ್ಚುಕಡಿಮೆ ಅಷ್ಟೇ ಲೀಟರ್ ಗಂಜಲ ಹಾಕುತ್ತದೆ. ಎಂಟು ಎಮ್ಮೆಯೆಂದರೆ ದಿನಕ್ಕೆ ಕ್ವಿಂಟಲಿಗೂ ಮೀರಿದ ಸಗಣಿ. ಹೊಲವಿದ್ದವರಿಗೆ ಅದು ಗೊಬ್ಬರ. ಹೊಲವಿಲ್ಲದವರು ಓಣಿಯ ಮೂಲೆಗೆ ಸುರಿದರೆ ಮೊದಲ ಮಳೆಗೇ ಚರಂಡಿ ಕಟ್ಟಿಕೊಳ್ಳುತ್ತದೆ. ಡೈರಿಗಳು ವಸತಿಯಿಂದ 200 ಮೀಟರ್, ಶಾಲೆ, ಆಸ್ಪತ್ರೆಗಳಿಂದ 500 ಮೀಟರ್ ದೂರವಿರಬೇಕೆಂದು ಮಂಡಳಿಯ 2021ರ ಪರಿಷ್ಕೃತ ಮಾರ್ಗಸೂಚಿ ಹೇಳುತ್ತದೆ. ಹಳೆಯ ಓಣಿಯಲ್ಲಿ ಇದು ಆಗದ ಮಾತು. ಹಾಗಾಗಿ ದೊಡ್ಡ ಕೊಟ್ಟಿಗೆ ಊರ ಹೊರಗಿನ ಹೊಲಕ್ಕೆ ಹೋಗುವುದೇ ಲೇಸು.

ದನವನ್ನು ರಸ್ತೆಗೆ ಬಿಟ್ಟರೆ 1966ರ ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆಯಿದೆ. ಕೊಂಡವಾಡಕ್ಕೆ ಸೇರಿದ ದನವನ್ನು ದಂಡ, ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು. ವಾರಸುದಾರರು ಬಾರದಿದ್ದರೆ ಹರಾಜು. ದನ ಯಾರದೆಂದು ತಿಳಿಯಲು ಈಗ ಕಿವಿಯೋಲೆ ನೆರವಾಗುತ್ತದೆ. ಕಾಲುಬಾಯಿ ಬೇನೆಯ ಲಸಿಕೆ ಹಾಕುವಾಗ ಪಶು ಇಲಾಖೆಯವರು ಚುಚ್ಚುವ ಆ ಹಳದಿ ಬಿಲ್ಲೆಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ.

ನಾಯಿಗಳ ವಿಷಯದಲ್ಲಿ ಲೆಕ್ಕ ಹಾಕಲು ಹೊರಟದ್ದು ಬೆಂಗಳೂರು. ಫ್ಲ್ಯಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ಎಂಬ ಪಾಲಿಕೆಯ 2018ರ ನಿಯಮ ಶ್ವಾನಪ್ರಿಯರ ವಿರೋಧದಿಂದ ತಡೆಬಿತ್ತು. ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಎರಡಕ್ಕಿಂತ ಹೆಚ್ಚು ನಾಯಿ ಸಾಕಲು ನಗರಾಡಳಿತದ ಪರವಾನಗಿಯೇ ಬೇಕು. ಸಂಖ್ಯೆ ಎಷ್ಟೇ ಇರಲಿ, ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪಂಜರದ ಹಸಿರು ಗಿಳಿಗಂತೂ ಪುರಸಭೆಯ ಪರವಾನಗಿ ಎಂಬುದೇ ಇಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಅದನ್ನು ಸಾಕುವುದೇ ಅಪರಾಧ.

ಇನ್ನೂ ನಾಲ್ಕು ದನ ಕಟ್ಟುವ ಯೋಚನೆಯಿದ್ದವರು ಶೆಡ್ಡಿಗೆ ಪತ್ರಾಸ್ ತರುವ ಮುಂಚೆ ಪುರಸಭೆಗೆ ಬರಹದಲ್ಲಿ ಅರ್ಜಿ ಕೊಟ್ಟು, ಸಗಣಿ ಎಲ್ಲಿಗೆ ಹೋಗುತ್ತದೆಂದು ಅದರಲ್ಲೇ ಬರೆದು, ಸಹಿ, ಶಿಕ್ಕಾ ಇರುವ ಸ್ವೀಕೃತಿ ಇಟ್ಟುಕೊಳ್ಳುವುದು ಒಳ್ಳೆಯದು.