ಬೆಂಕಿ ಕಾಣದ ನೆಲ್ಲಿಮರಗಳು

ಕೆಲವು ವರ್ಷಗಳ ಹಿಂದೆ ಬಿಳಿಗಿರಿರಂಗನ ಬೆಟ್ಟದ ಪೋಡೊಂದರಿಂದ ಹಿರಿಯ ಸೋಲಿಗರೊಬ್ಬರ ಜೊತೆ ಕಾಡಿಗೆ ಹೊರಟಿದ್ದೆ. ಔಷಧಿ ಗಿಡಗಳ ಪಟ್ಟಿ ಮಾಡಿಕೊಳ್ಳುವುದು ನನ್ನ ಉದ್ದೇಶವಾಗಿತ್ತು. ‘ಮಾಗಳಿ ಬೇರು, ದೇಹಕ್ಕೆ ತಂಪು’ ಎಂದು ಬರೆದುಕೊಂಡೆ. ಅವರಿಗೆ ಬೇರಿನ ಗುಣಕ್ಕಿಂತ ಅದನ್ನು ಅಗೆಯುವ ಕ್ರಮದ ಬಗ್ಗೆಯೇ ಹೆಚ್ಚು ಮಾತು. ಬೇರನ್ನೆಲ್ಲ ಕೀಳಬಾರದು, ಒಂದಷ್ಟು ಉಳಿಸಿ ಗುಂಡಿ ಮುಚ್ಚಬೇಕು. ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ!

ಮುಂದೆ ಒಂದು ನೆಲ್ಲಿಮರದ ಬಳಿ ನಿಂತರು. ಕೊಂಬೆಗಳನ್ನೆಲ್ಲ ಬಂದಳಿಕೆ ಆವರಿಸಿತ್ತು. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಬೇಸಿಗೆಯ ಆರಂಭದಲ್ಲಿ ಒಣಗಿದ ಎಲೆಗಳಿಗೆ ಹಚ್ಚುತ್ತಿದ್ದ ‘ತರಗು ಬೆಂಕಿ’ ಉಪ್ಪಿಲನ್ನು ಸುಡುತ್ತಿತ್ತು, ಮರವನ್ನು ಉಳಿಸುತ್ತಿತ್ತು ಎಂಬುದು ಅವರ ಅನುಭವ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಬೆಂಕಿ ನಿಷಿದ್ಧವಾಯಿತು. ಉಪ್ಪಿಲು ಹೆಚ್ಚಿತು, ಲಂಟಾನ ಹಬ್ಬಿತು.

ನೆಲ್ಲಿಕಾಯಿ ಕಡಿಮೆಯಾದಾಗ ದೂರು ಕೇಳಿಬಂದದ್ದು ಕಾಯಿ ಕೀಳುವವರ ಮೇಲೆಯೇ. ಆದರೆ ದೀರ್ಘಕಾಲ ಮರಗಳನ್ನು ಎಣಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಕೊಯ್ಲಿಗಿಂತ ಉಪ್ಪಿಲು ಮತ್ತು ಲಂಟಾನಗಳೇ ಮರಗಳ ಕುಸಿತಕ್ಕೆ ಹೆಚ್ಚು ಕಾರಣವೆಂದು ಕಂಡುಕೊಂಡಿತು. ಹಾಡಿಯ ಹಿರಿಯರು ಮೊದಲಿನಿಂದ ಹೇಳುತ್ತಿದ್ದುದೂ ಇದನ್ನೇ.

ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ನಂತರ ಮಾರಾಟಕ್ಕಾಗಿ ಕಾಯಿ ಸಂಗ್ರಹಿಸುವುದಕ್ಕೂ ತಡೆ ಬಿತ್ತು. ಅರಣ್ಯ ಹಕ್ಕು ಕಾಯ್ದೆಯ ಬಲದಿಂದ 2011ರಲ್ಲಿ ಇಲ್ಲಿನ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ದೊರೆಯಿತು. ಬೆಂಕಿ ಮಾತ್ರ ಮರಳಲಿಲ್ಲ. ನಿಯಂತ್ರಿತ ಬೆಂಕಿಯ ಪ್ರಯೋಗವನ್ನಾದರೂ ಸೋಲಿಗರ ಜೊತೆ ಕುಳಿತು ಏಕೆ ನಡೆಸಬಾರದು ಎಂಬ ಪ್ರಶ್ನೆ ನನಗೆ ಇಂದಿಗೂ ಉಳಿದಿದೆ.

2023ರಲ್ಲಿ ತಿದ್ದುಪಡಿಯಾದ ಜೀವವೈವಿಧ್ಯ ಕಾಯ್ದೆ ಗ್ರಂಥಸ್ಥ ಪಾರಂಪರಿಕ ಜ್ಞಾನದ ಬಳಕೆಯನ್ನು ಲಾಭ ಹಂಚಿಕೆಯ ಹೊಣೆಯಿಂದ ಹೊರಗಿಟ್ಟಿದೆ. ನೆಲ್ಲಿಯ ಗುಣ ಆಯುರ್ವೇದ ಗ್ರಂಥಗಳಲ್ಲಿದೆ. ಚ್ಯವನಪ್ರಾಶ ಮಾಡುವವರಿಗೆ ಅಷ್ಟು ಸಾಕು. ಆ ಮರವನ್ನು ಉಪ್ಪಿಲಿನಿಂದ ಕಾಪಾಡುವ ಸೋಲಿಗರ ತಿಳಿವಳಿಕೆ ಬಾಯಿಂದ ಬಾಯಿಗೆ ಬಂದದ್ದು. ಅದಕ್ಕೆ ಬೆಲೆ ಕಟ್ಟುವವರು ಯಾರು? ಕೇರಳದ ಕಾಣಿ ಸಮುದಾಯದವರು ತಿಳಿಸಿದ ಆರೋಗ್ಯಪಚ್ಚದಿಂದ ‘ಜೀವನಿ’ ಔಷಧ ರೂಪುಗೊಂಡಾಗ, ಪರವಾನಗಿ ಹಣದ ಅರ್ಧ ಪಾಲು ಅವರಿಗೆ ಸಂದಿತ್ತು. ಒಂದು ಗಿಡದ ಗುಟ್ಟಿಗೆ ಪಾಲು ಕೊಡಬಹುದು, ಇಡೀ ಕಾಡನ್ನು ನೋಡಿಕೊಳ್ಳುವ ವಿದ್ಯೆಗೆ ಅಂಥ ಲೆಕ್ಕ ಇನ್ನೂ ಹುಟ್ಟಿಲ್ಲ.

ಹಿಂದಿರುಗುವಾಗ ಹಿರಿಯರ ಮೊಮ್ಮಗ ನಮ್ಮ ಜೊತೆಗೂಡಿದ. ಮಾಗಳಿ ಬಳ್ಳಿಯನ್ನು ದೂರದಿಂದಲೇ ಗುರುತಿಸಿ ತೋರಿಸಿದ. ತರಗು ಬೆಂಕಿಯ ಬಗ್ಗೆ ಕೇಳಿದೆ. ಅಜ್ಜ ಹೇಳಿದ್ದನ್ನು ಕೇಳಿದ್ದೇನೆ, ಹಾಕಿದ್ದನ್ನು ನೋಡಿಲ್ಲ ಎಂದ.