ಪರಮ ಪ್ರಸಾದ: ಗೋಧಿಯ ಬಿಲ್ಲೆಗೇಕೆ ಇಷ್ಟು ಭಕ್ತಿ?

ಕನಕಪುರ ತಾಲ್ಲೂಕಿನ ಹಾರೋಬೆಲೆ ಅರ್ಕಾವತಿ ನದಿಯ ಸೀಮೆಯ ಊರು. ಬಹುತೇಕ ಕ್ರೈಸ್ತರೇ ಇರುವ ಈ ಊರು ಶುಭ ಶುಕ್ರವಾರದ ಸಮಯದಲ್ಲಿ ನಡೆಯುವ ಯೇಸುವಿನ ಪಾಡಿನ ನಾಟಕಕ್ಕೆ ಹೆಸರುವಾಸಿ. ಊರಿನವರೇ ವೇಷ ಕಟ್ಟುತ್ತಾರೆ. ನೋಡಲು ಸುತ್ತಮುತ್ತಲಿನ ಜನ ಸೇರುತ್ತಾರೆ. ಆದರೆ ಅದೇ ವಾರದ ಇನ್ನೊಂದು ಆಚರಣೆ ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ.

ಶುಭ ಶುಕ್ರವಾರದ ಹಿಂದಿನ ಸಂಜೆ, ಅಂದರೆ ಪವಿತ್ರ ಗುರುವಾರ, ಕ್ಯಾಥೊಲಿಕ್ ಚರ್ಚುಗಳಲ್ಲಿ ಬಲಿಪೂಜೆ ಮುಗಿದ ಮೇಲೆ ಗುರುಗಳು ಒಂದು ಪಾತ್ರೆಯನ್ನು ಹೆಗಲ ಮೇಲಿನ ವಸ್ತ್ರದಿಂದ ಮುಚ್ಚಿ ಹಿಡಿದು, ಧೂಪ ದೀಪಗಳ ನಡುವೆ ಬೇರೊಂದು ಪೀಠಕ್ಕೆ ಒಯ್ಯುತ್ತಾರೆ. ಜನ ರಾತ್ರಿ ಬಹಳ ಹೊತ್ತಿನವರೆಗೆ ಅದರ ಮುಂದೆ ಮೊಣಕಾಲೂರಿ ಮೌನವಾಗಿ ಪ್ರಾರ್ಥಿಸುತ್ತಾರೆ. ಪಾತ್ರೆಯೊಳಗೆ ಇರುವುದು ಗೋಧಿಯ ತೆಳ್ಳನೆಯ ಬಿಲ್ಲೆಗಳು. ಕ್ಯಾಥೊಲಿಕರಿಗೆ ಅದು ಪರಮ ಪ್ರಸಾದ, ಸಾಕ್ಷಾತ್ ಕ್ರಿಸ್ತ. ಶುಭ ಶುಕ್ರವಾರ ಬಲಿಪೂಜೆ ಇರುವುದಿಲ್ಲವಾದ್ದರಿಂದ ಅಂದು ಹಂಚುವುದು ಗುರುವಾರವೇ ತೆಗೆದಿಟ್ಟ ಈ ಪ್ರಸಾದವನ್ನು.

ಪ್ರಯೋಗಾಲಯದ ಪ್ರಶ್ನೆ

ವಿಜ್ಞಾನ ಓದುವ ವಿದ್ಯಾರ್ಥಿಗೆ ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಈ ಬಿಲ್ಲೆ ಹುಳಿ ಬರಿಸದ ಗೋಧಿ ಹಿಟ್ಟು ಮತ್ತು ನೀರು, ಇವೆರಡರಿಂದಲೇ ಆದದ್ದು. ಅಂಥದೊಂದರ ಮೇಲೆ ಅಯೋಡಿನ್ ಹನಿ ಬಿಟ್ಟರೆ ಕಡುನೀಲಿ ಬಣ್ಣ ಬರುತ್ತದೆ, ಏಕೆಂದರೆ ಅದರಲ್ಲಿ ಪಿಷ್ಟವಿದೆ. ಹಾಗಾದರೆ ಪೂಜೆಯ ನಂತರ ಅದರಲ್ಲಿ ಬದಲಾದದ್ದೇನು?

ಅಚ್ಚರಿಯೆಂದರೆ, ಪರೀಕ್ಷೆಗೆ ಸಿಗುವಂಥದು ಯಾವುದೂ ಬದಲಾಗುವುದಿಲ್ಲ ಎಂದು ಚರ್ಚೇ ಹೇಳುತ್ತದೆ. ಬಣ್ಣ, ರುಚಿ, ತೂಕ, ಪಿಷ್ಟ ಎಲ್ಲವೂ ಇದ್ದಂತೆಯೇ ಇರುತ್ತವೆ. ಬದಲಾಗುವುದು ಇಂದ್ರಿಯಗಳಿಗೆ ನಿಲುಕದ ಅದರ ಒಳಸತ್ವ. ಕೊನೆಯ ಭೋಜನದಲ್ಲಿ ಯೇಸು ರೊಟ್ಟಿಯನ್ನು ತನ್ನ ದೇಹವೆಂದೂ ದ್ರಾಕ್ಷಾರಸವನ್ನು ತನ್ನ ರಕ್ತವೆಂದೂ ಕರೆದ ಮಾತನ್ನು ಗುರುಗಳು ಪೂಜೆಯಲ್ಲಿ ಉಚ್ಚರಿಸಿದಾಗ ಈ ಬದಲಾವಣೆ ಆಗುತ್ತದೆಂಬುದು ನಂಬಿಕೆ. ರೋಮಿನಲ್ಲಿ 1215ರಲ್ಲಿ ಸೇರಿದ ಧರ್ಮಸಭೆ ಇದಕ್ಕೆ ‘ಸತ್ವಾಂತರ’ ಎಂಬ ಅರ್ಥದ ಪದವನ್ನು ಬಳಸಿತು. ಅದೇ ಶತಮಾನದ ಸಂತ ಥಾಮಸ್ ಅಕ್ವಿನಾಸ್, ಗ್ರೀಕ್ ದಾರ್ಶನಿಕ ಅರಿಸ್ಟಾಟಲ್‌ನ ಪರಿಭಾಷೆಯಲ್ಲಿ ಅದನ್ನು ವಿವರಿಸಿದರು. ಪೋಪ್ ನಾಲ್ಕನೆಯ ಅರ್ಬನ್ 1264ರಲ್ಲಿ ಪರಮ ಪ್ರಸಾದಕ್ಕೆಂದೇ ಒಂದು ಹಬ್ಬವನ್ನು ಗೊತ್ತುಪಡಿಸಿದರು. ಮುಂದೆ ಪ್ರಾಟೆಸ್ಟೆಂಟ್ ಪಂಗಡಗಳು ಈ ವಿವರಣೆಯನ್ನು ಒಪ್ಪಲಿಲ್ಲ. ಅವುಗಳ ತಿಳಿವಳಿಕೆಯೂ ಒಂದೇ ತೆರನಾಗಿಲ್ಲ.

ಹೀಗಾಗಿ ಇದು ವಿಜ್ಞಾನದೊಡನೆ ಜಗಳವಾಡುವ ಮಾತಲ್ಲ. ಅಳತೆಗೆ ಸಿಗುವುದನ್ನು ಹೇಳುವುದು ವಿಜ್ಞಾನ; ಅಳತೆಯ ಆಚೆಗಿನದನ್ನು ಕುರಿತದ್ದು ಈ ನಂಬಿಕೆ. ನಂಬಿಕೆ ಎಷ್ಟು ಗಟ್ಟಿ ಎಂಬುದನ್ನು ತಿಳಿಯಬೇಕಾದರೆ ನೋಡಬೇಕಾದದ್ದು ಬಿಲ್ಲೆಯನ್ನಲ್ಲ, ಅದನ್ನು ಜನ ನಡೆಸಿಕೊಳ್ಳುವ ಬಗೆಯನ್ನು.

ಚೂರೂ ಬೀಳದಂತೆ

ರಾಗಿ ಬೆಳೆಯುವ ಈ ಸೀಮೆಯಲ್ಲಿ ಅನ್ನ ತುಳಿಯಬಾರದೆಂದು ಮಕ್ಕಳಿಗೆ ಹೇಳಿಕೊಡುತ್ತಾರಷ್ಟೆ. ಪರಮ ಪ್ರಸಾದದ ಎಚ್ಚರಿಕೆ ಅದಕ್ಕಿಂತ ಬಹಳ ಮುಂದೆ ಹೋಗುತ್ತದೆ. ಹಂಚಿದ ಮೇಲೆ ಗುರುಗಳು ತಟ್ಟೆಯಲ್ಲಿ ಉಳಿದ ಚೂರುಗಳನ್ನು ಬಟ್ಟಲಿಗೆ ಸೇರಿಸಿ, ನೀರಿನಿಂದ ತೊಳೆದು, ಆ ನೀರನ್ನು ತಾವೇ ಕುಡಿಯುತ್ತಾರೆ. ಪ್ರಸಾದ ಕೆಳಗೆ ಬಿದ್ದರೆ ಭಕ್ತಿಯಿಂದ ಎತ್ತಿಕೊಳ್ಳಬೇಕು. ಬಟ್ಟಲಿನದು ಚೆಲ್ಲಿದರೆ ಆ ಜಾಗವನ್ನು ನೀರಿನಿಂದ ತೊಳೆಯಬೇಕು. ಉಳಿದ ಪ್ರಸಾದವನ್ನು ಗಟ್ಟಿಯಾದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಅದರ ಪಕ್ಕದಲ್ಲಿ ಹಗಲಿರುಳೂ ಒಂದು ದೀಪ ಉರಿಯುತ್ತಿರುತ್ತದೆ. ಹಾಸಿಗೆ ಹಿಡಿದವರಿಗೂ ಸಾವಿನ ಅಂಚಿನಲ್ಲಿರುವವರಿಗೂ ಮನೆಗೆ ಒಯ್ದು ಕೊಡುವುದು ಈ ಪೆಟ್ಟಿಗೆಯಿಂದಲೇ.

ಹಿಂದೆ ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. 1953ರಲ್ಲಿ ನೀರಿಗೆ ವಿನಾಯಿತಿ ಬಂತು. 1957ರಲ್ಲಿ ಉಪವಾಸ ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ಮಕ್ಕಳ ವಿಷಯದಲ್ಲೂ ಹೀಗೆಯೇ. ಮೊದಲು ಹತ್ತು ಹನ್ನೆರಡು ವರ್ಷವಾಗುವವರೆಗೆ ಕಾಯಿಸುತ್ತಿದ್ದರು. ಸಾಮಾನ್ಯ ರೊಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿದರೆ ಸಾಕು, ಸುಮಾರು ಏಳನೆಯ ವಯಸ್ಸಿಗೇ ಕೊಡಬಹುದೆಂದು ಪೋಪ್ ಹತ್ತನೆಯ ಪಯಸ್ 1910ರಲ್ಲಿ ಸಾರಿದರು. ಆದರೆ ಗೋಧಿಯ ನಿಯಮ ಮಾತ್ರ ಸಡಿಲಾಗಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಕೆಲವರ ದೇಹಕ್ಕೆ ಒಗ್ಗುವುದಿಲ್ಲ. ಅಂಥವರಿಗೆ ಗ್ಲುಟೆನ್ ತೀರ ಕಡಿಮೆಯಿರುವ ಬಿಲ್ಲೆ ಆಗಬಹುದು, ಪೂರ್ತಿ ಇಲ್ಲದ್ದು ಆಗದು ಎಂದು ವ್ಯಾಟಿಕನ್ 2017ರಲ್ಲಿ ಮತ್ತೆ ಸ್ಪಷ್ಟಪಡಿಸಿತು. ಅದೂ ಒಗ್ಗದವರು ಬಟ್ಟಲಿನಿಂದ ದ್ರಾಕ್ಷಾರಸವನ್ನಷ್ಟೇ ಸ್ವೀಕರಿಸಬಹುದು.

ಮೊಣಕಾಲೋ, ಕೈಜೋಡಣೆಯೋ?

ಭಕ್ತಿಯನ್ನು ತೋರುವ ರೀತಿ ಎಲ್ಲ ದೇಶಗಳಲ್ಲೂ ಒಂದೇ ಆಗಿರಬೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದ್ದರಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ವ್ಯಾಟಿಕನ್ ಧರ್ಮಸಭೆ 1963ರಲ್ಲಿ ಆಯಾ ನಾಡಿನ ಭಾಷೆಗಳಿಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಬಲಿಪೂಜೆ ಬಳಿಕ ಕನ್ನಡಕ್ಕೂ ಬಂತು. 1967ರಲ್ಲಿ ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರ ಆರಂಭವಾಯಿತು. ಭಾರತದ ಧರ್ಮಾಧ್ಯಕ್ಷರು ಕೋರಿದ ಹನ್ನೆರಡು ಮಾರ್ಪಾಡುಗಳಿಗೆ ರೋಮ್ 1969ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಕಳಚಿ ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈಮುಗಿದು ಬಾಗುವುದು, ಮುತ್ತಿಡುವ ಬದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಮೇಣದ ಬತ್ತಿಯ ಬದಲು ಎಣ್ಣೆ ದೀಪ, ಆರತಿ — ಇವೆಲ್ಲ ಅದರಲ್ಲಿ ಸೇರಿದ್ದವು. ಇದು ಕಡ್ಡಾಯವಾಗಿರಲಿಲ್ಲ, ಎಲ್ಲ ಕ್ಯಾಥೊಲಿಕರೂ ಮೆಚ್ಚಲೂ ಇಲ್ಲ. ಆದರೂ ಭಕ್ತಿ ಒಂದೇ, ಅದರ ದೇಹಭಾಷೆ ಮಾತ್ರ ಬೇರೆ ಎಂಬ ಮಾತಿಗೆ ಇದರಿಂದ ಮನ್ನಣೆ ಸಿಕ್ಕಿತು.

ತೆರೆಯ ಮೇಲೆ ಸಿಗದ್ದು

ಈ ಭಕ್ತಿಗೆ ನಿಜವಾದ ಪರೀಕ್ಷೆ ಎದುರಾದದ್ದು 2020ರಲ್ಲಿ. ಕೊರೊನಾ ಲಾಕ್‌ಡೌನ್‌ನಿಂದಾಗಿ ಎಲ್ಲ ಧರ್ಮಗಳ ಆರಾಧನಾ ಸ್ಥಳಗಳೂ ಮುಚ್ಚಿದ್ದವು. ಏಪ್ರಿಲ್ 9ರ ಪವಿತ್ರ ಗುರುವಾರ ಚರ್ಚುಗಳಲ್ಲಿ ಜನರಿರಲಿಲ್ಲ. ಮನೆಗಳಲ್ಲಿ ಮೊಬೈಲ್ ಮತ್ತು ಟಿ.ವಿ. ಮುಂದೆ ಕುಳಿತು ಪೂಜೆ ನೋಡಿದರು. ಪ್ರಾರ್ಥನೆ ಕೇಳಬಹುದಿತ್ತು, ಹಾಡಿಗೆ ದನಿಗೂಡಿಸಬಹುದಿತ್ತು. ಆದರೆ ತೆರೆಯ ಮೇಲಿನ ಪ್ರಸಾದವನ್ನು ಬಾಯಿಗೆ ಇಟ್ಟುಕೊಳ್ಳಲಾಗದು. ಪ್ರಸಾದದ ಹಂಬಲವನ್ನೇ ಪ್ರಾರ್ಥನೆಯಾಗಿ ಹೇಳಿಕೊಳ್ಳುವ ಹಳೆಯ ಪದ್ಧತಿಯೊಂದೇ ಅವರಿಗೆ ಉಳಿದದ್ದು.

ಜೂನ್ 8ರಿಂದ ಆರಾಧನಾ ಸ್ಥಳಗಳು ಮತ್ತೆ ತೆರೆಯತೊಡಗಿದವು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ದೂರ ದೂರ ನಿಂತು, ಚಾಚಿದ ಅಂಗೈಯಲ್ಲಿ ಪ್ರಸಾದ ಪಡೆಯುವ ಕಾಲ ಬಂತು. ಅಂಗೈಗೆ ಬಿದ್ದ ಆ ಬಿಲ್ಲೆಯ ತೂಕ ಒಂದು ಗ್ರಾಮಿಗೂ ಕಡಿಮೆ. ಅದಕ್ಕಾಗಿ ತಿಂಗಳುಗಟ್ಟಲೆ ಕಾದವರ ಹಂಬಲದ ತೂಕವನ್ನು ಅಳೆಯುವ ತಕ್ಕಡಿ ಮಾತ್ರ ಯಾವ ಪ್ರಯೋಗಾಲಯದಲ್ಲೂ ಇಲ್ಲ.